ನುಂಗಿದ ಕೆಮ್ಮು

ನೆಗಡಿ ತನ್ನ ಪಾಡಿಗೆ ತಾನು ಬಂದು, ಇರುವಷ್ಟು ದಿನ ಇದ್ದು, ಮರ್ಯಾದಸ್ಥ ನೆಂಟನ ಹಾಗೆ ಹೊರಟುಹೋಗಿತ್ತು. ಹೋಗುವಾಗ ಕೆಮ್ಮನ್ನು ಬಿಟ್ಟುಹೋಗಿತ್ತು. ಪ್ರತಿ ಸಲವೂ ಇದೇ ಕಥೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ನೆಗಡಿಯಾಗುತ್ತದೆ, ಎಲ್ಲರಿಗೂ ಒಟ್ಟಿಗೆ ವಾಸಿಯಾಗುತ್ತದೆ, ಅವಳೊಬ್ಬಳ ಎದೆಯಲ್ಲಿ ಮಾತ್ರ ಅದರ ಬಾಲ ಸಿಕ್ಕಿಹಾಕಿಕೊಂಡು ವಾರಗಟ್ಟಲೆ ಅಲ್ಲಾಡುತ್ತಿರುತ್ತದೆ. ಜ್ವರವಿಲ್ಲ, ಕಫವಿಲ್ಲ, ನಾಲ್ಕು ಜನಕ್ಕೆ ತೋರಿಸಿ ಅಯ್ಯೋ ಪಾಪ ಅನ್ನಿಸಿಕೊಳ್ಳುವಂಥದ್ದು ಏನೂ ಇಲ್ಲ. ಗಂಟಲಿನ ಕೆಳಗೆಲ್ಲೋ ಕೂದಲು ಸಿಕ್ಕಿಕೊಂಡಂಥ ಒಂದು ಕೆರೆತ, ಅಷ್ಟೇ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಹೆಂಗಸು ಮೊದಲನೆಯ ಕೆಮ್ಮಿಗೆ ತಲೆಯೆತ್ತಿದಳು, ಎರಡನೆಯದಕ್ಕೆ ಕರವಸ್ತ್ರ ಮೂಗಿಗೆ ಹಿಡಿದಳು, ಮೂರನೆಯದಕ್ಕೆ ‘ಸ್ವಲ್ಪ ದಾರಿ ಬಿಡಿ’ ಎಂದು ಎದ್ದು ಇಳಿಯುವವಳ ಹಾಗೆ ಬಾಗಿಲ ತನಕ ಹೋಗಿ, ಇಳಿಯದೆ ಅಲ್ಲೇ ಕಂಬ ಹಿಡಿದು ನಿಂತಳು. ‘ಇದು ಅಂಟೋದಲ್ಲ ರೀ, ಆಸ್ತಮಾ’ ಎಂಬ ಮಾತನ್ನು ಇವಳು ಎಷ್ಟೋ ವರ್ಷದಿಂದ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದಾಳೆ. ಒಂದು ಸಲವೂ ಆಡಿಲ್ಲ. ಅಂಟುರೋಗದವಳು ಅನ್ನಿಸಿಕೊಳ್ಳುವುದು ಆ ಹೊತ್ತಿನ ಅವಮಾನ, ಬಸ್ಸು ಇಳಿದರೆ ಮುಗಿಯಿತು. ಆಸ್ತಮಾದವಳು ಅನ್ನಿಸಿಕೊಂಡರೆ ಅದು ಮನೆಯ ತನಕ ಬರುತ್ತದೆ. ಖಾಲಿಯಾದ ಜಾಗಕ್ಕೆ ಸರಿದು ಕೂತಳು. ಈ ಕೆಮ್ಮಿನಿಂದ ಇಷ್ಟು ವರ್ಷದಲ್ಲಿ ಸಿಕ್ಕಿದ ಲಾಭವೆಂದರೆ ಕಿಟಕಿ ಪಕ್ಕದ ಸೀಟು.

ಬೆಳಿಗ್ಗೆ ಹೊರಡುವಾಗ ಅತ್ತೆ, ‘ನೀನು ಹೀಗೇ ಕೆಮ್ತಾ ಇರು ತಾಯಿ, ಮನೆಗೆ ಬೇರೆ ನಾಯಿ ಬೇಡ. ಕಳ್ಳ ಗೇಟಿನ ಹತ್ರದಿಂದಾನೇ ವಾಪಸ್ ಹೋಗ್ತಾನೆ’ ಅಂದಿದ್ದರು. ಅತ್ತೆಯ ಮಾತಿನಲ್ಲಿ ವಿಷವಿಲ್ಲ, ಅದಕ್ಕೇ ಅದಕ್ಕೆ ಉತ್ತರವೂ ಇಲ್ಲ. ಗಂಡ ತಮಾಷೆ ಮಾಡುವುದಿಲ್ಲ. ಅವನಿಗೆ ಬೆನ್ನುನೋವು, ಗಟ್ಟಿ ನೆಲವೇ ಹಿತ ಎಂದು ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋಗುತ್ತಾನೆ. ಆ ಬೆನ್ನುನೋವು ಅವಳ ನೆಗಡಿಯ ಹಿಂದೆಯೇ ಬರುತ್ತದೆ, ಅವಳ ಕೆಮ್ಮಿನ ಜೊತೆಗೇ ವಾಸಿಯಾಗುತ್ತದೆ. ಎದೆಯ ಡಾಕ್ಟರು ಕೊಟ್ಟ ಪಂಪುಗಳು ಎರಡು. ಒಂದು, ಉಸಿರು ಕಟ್ಟಿದಾಗ ಎಳೆದುಕೊಳ್ಳುವುದು. ಅದು ಬ್ಯಾಗಿನ ತಳದಲ್ಲಿ, ಬಾಚಣಿಗೆಯ ಕೆಳಗೆ, ಕರವಸ್ತ್ರದಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಇನ್ನೊಂದು ದಿನಾ ಎಳೆದುಕೊಳ್ಳಬೇಕಾದದ್ದು. ಅದು ಬಚ್ಚಲುಮನೆಯ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ‘ಕೆಮ್ಮು ನಿಂತ ತಕ್ಷಣ ನಿಲ್ಲಿಸಿಬಿಟ್ರಾ?’ ಎಂದು ಹಿಂದಿನ ಸಲ ಡಾಕ್ಟರು ಕೇಳಿದ್ದರು. ಉತ್ತರಕ್ಕೆ ಕಾಯದೆ, ಬೇಸತ್ತ ದನಿಯಲ್ಲಿ, ‘ನೆಗಡಿ ಬರೀ ಕಿಡಿ ಅಮ್ಮ. ಉಸಿರಿನ ದಾರೀಲಿ ಊತ ಇಟ್ಕೊಂಡು ಓಡಾಡ್ತಿರೋದು ನೀವು. ಆ ಊತ ಇಳಿಸೋಕೆ ಈ ದಿನದ ಪಂಪು. ಚೆನ್ನಾಗಿರೋವಾಗ್ಲೂ ತಗೋಬೇಕು. ಚೆನ್ನಾಗಿರೋದೇ ಅದರಿಂದ’ ಅಂದಿದ್ದರು. ಅವಳು ತಲೆಯಾಡಿಸಿದ್ದಳು. ತಲೆಯಾಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಕೆಮ್ಮು ನಿಂತ ಮೇಲೆ ಹೊಳೆ ದಾಟಿದವಳಿಗೆ ಅಂಬಿಗನ ಹಂಗೇಕೆ ಎನ್ನುವ ಹಾಗೆ ಒಂದು ದಿನ ಮರೆತಳು, ಮಾರನೆಯ ದಿನ ನೆನಪಿದ್ದೂ ಬಿಟ್ಟಳು. ಪಂಪು ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದ್ದು ಸುಳ್ಳೆಂದು ಗೊತ್ತು. ಸುಳ್ಳೆಂದು ಗೊತ್ತಿದ್ದೂ ಅದು ಅನುಕೂಲದ ಸುಳ್ಳಾಗಿತ್ತು. ಅಸಲು ಕಾರಣ ದೊಡ್ಡಮ್ಮ. ತವರಿನ ಮೂಲೆಯ ಕೋಣೆಯಲ್ಲಿ ಉಬ್ಬಸಕ್ಕೆ ದಿಂಬುಗಳನ್ನು ಪೇರಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ ದೊಡ್ಡಮ್ಮ, ‘ಗೂರಲಿನವಳು’ ಎಂದೇ ಎಲ್ಲರ ಬಾಯಲ್ಲಿ ಕರೆಸಿಕೊಂಡ ದೊಡ್ಡಮ್ಮ. ಮಕ್ಕಳೆಲ್ಲ ಅವಳ ಉಸಿರಿನ ಸಿಳ್ಳನ್ನು ಅನುಕರಿಸಿ ನಗುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಅನುಕರಿಸುತ್ತಿದ್ದವಳು ಇವಳೇ.

ಅವಳದು ಕಿವಿ ಪರೀಕ್ಷೆ ಮಾಡುವ ಕೆಲಸ. ಕಿವಿ ಡಾಕ್ಟರ ಕೋಣೆಯ ಪಕ್ಕದಲ್ಲಿ, ಗೋಡೆಗೆಲ್ಲ ಸ್ಪಂಜು ಮೆತ್ತಿದ ಒಂದು ಪುಟ್ಟ ಕೋಣೆ. ನಡುವೆ ದಪ್ಪ ಗಾಜು. ಗಾಜಿನ ಆ ಕಡೆ ರೋಗಿ, ಈ ಕಡೆ ಯಂತ್ರದ ಮುಂದೆ ಅವಳು. ಅವಳು ಗುಂಡಿ ಒತ್ತಿದರೆ ರೋಗಿಯ ಕಿವಿಯ ಮೇಲಿನ ಹೆಡ್‌ಫೋನಿನಲ್ಲಿ ಒಂದು ಸ್ವರ ಹುಟ್ಟುತ್ತದೆ, ದೊಡ್ಡದು, ಸಣ್ಣದು, ಇನ್ನೂ ಸಣ್ಣದು, ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣದು. ಕೇಳಿಸಿತು ಎಂದು ರೋಗಿ ಸೂಚಿಸಬೇಕು. ದೊಡ್ಡವರಾದರೆ ಬೆರಳೆತ್ತುತ್ತಾರೆ, ಮಕ್ಕಳಾದರೆ ಬಣ್ಣದ ರಿಂಗುಗಳನ್ನು ಕೈಗೆ ಕೊಟ್ಟು, ಕೇಳಿಸಿದಾಗಲೆಲ್ಲ ಒಂದೊಂದನ್ನೇ ಕಂಬಕ್ಕೆ ಹಾಕು ಎಂದು ಆಟ ಮಾಡಿಸುವುದು. ಇದರಲ್ಲಿ ಇರುವ ಕಳ್ಳದಾರಿಗಳೆಲ್ಲ ಅವಳಿಗೆ ಗೊತ್ತು. ಮಕ್ಕಳು ಕಿವಿಗಿಂತ ಮೊದಲು ಕಣ್ಣಿನಿಂದ ಕೇಳುತ್ತಾರೆ. ಗುಂಡಿ ಒತ್ತುವ ಬೆರಳು ಕಂಡರೆ ಸಾಕು, ಪಟ್ಟನೆ ರಿಂಗು ಹಾಕುತ್ತಾರೆ. ಅದಕ್ಕೇ ಯಂತ್ರದ ಮುಂದೆ ಮರದ ಹಲಗೆಯೊಂದನ್ನು ತಾನೇ ಹೇಳಿ ನಿಲ್ಲಿಸಿದ್ದಳು. ಹೊಸದಾಗಿ ಕಲಿಯಲು ಬಂದವರಿಗೆ, ‘ಕೈ ಕಾಣಬಾರದು, ಕಣ್ಣು ಆಡಬಾರದು, ಹುಬ್ಬು ಏರಬಾರದು. ನೀವು ಗೊಂಬೆ ಥರ ಕೂತಿರಬೇಕು’ ಎಂದು ಪಾಠ ಹೇಳುತ್ತಿದ್ದಳು. ಕಿವಿಗೆ ಯಂತ್ರ ಹಾಕಿಕೊಳ್ಳಲು ನಾಚುವವರಿಗಂತೂ, ‘ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಲ್ವಾ? ಇದೂ ಹಾಗೇ. ಇದರಲ್ಲೇನು ಮುಚ್ಚುಮರೆ’ ಅನ್ನುವಾಗ ಅವಳ ದನಿಯಲ್ಲಿ ಎಂಥ ಧೈರ್ಯವಿರುತ್ತಿತ್ತೆಂದರೆ, ಬ್ಯಾಗಿನ ತಳದಲ್ಲಿ ಮುಸುಕು ಹೊದ್ದು ಮಲಗಿದ್ದ ಪಂಪಿಗೂ ನಗು ಬರಬೇಕು. ಒಂದು ದಿನ ಕಿವಿ ಡಾಕ್ಟರು ಬಾಗಿಲಿನಲ್ಲಿ ಇಣುಕಿ, ‘ಏನ್ ಮೇಡಂ, ನಿಮ್ಮ ಕೆಮ್ಮು ನನ್ನ ರೂಮಿಗೂ ಬರುತ್ತೆ. ಕಿವಿ ತೋರಿಸೋಕೆ ಬಂದೋರು ಎದೆ ತೋರಿಸಿಕೊಂಡು ಹೋಗೋ ಹಾಗಾಗಬಾರದು ನೋಡಿ’ ಎಂದು ನಕ್ಕಿದ್ದರು. ಸಾಲಿನಲ್ಲಿ ಕೂತವರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಅವತ್ತಿನಿಂದ ಕೆಮ್ಮನ್ನು ನುಂಗುವುದನ್ನು ಕಲಿತಳು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಉಸಿರನ್ನು ಅರ್ಧದಲ್ಲೇ ಹಿಡಿದು, ಆ ನಿಶ್ಚಲ ಗಳಿಗೆಯಲ್ಲಿ ಗುಂಡಿ ಒತ್ತುವುದು. ಉತ್ತರ ಬಂದ ಮೇಲೆ ಮೂಗಿನಿಂದ ಮೆಲ್ಲಗೆ ಬಿಡುವುದು. ಕಣ್ಣಲ್ಲಿ ನೀರು ತುಂಬುತ್ತಿತ್ತು, ಆದರೆ ಕೆಮ್ಮು ಬರುತ್ತಿರಲಿಲ್ಲ. ಈ ವಿದ್ಯೆಯ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಈ ದಿನ ಹೊಲಿಗೆಯವಳು ಮಗಳ ಕೈ ಹಿಡಿದುಕೊಂಡು ಒಳಗೆ ಬಂದಾಗ ಅವಳಿಗೆ ಮೊದಲು ಅನ್ನಿಸಿದ್ದು, ಅಯ್ಯೋ, ಮತ್ತೆ ಇವರು. ಮೂರನೆಯ ಸಲ. ತೋಳಿನ ಮೇಲೆ ದಾರದ ತುಣುಕುಗಳು ಅಂಟಿಕೊಂಡಿದ್ದವು. ಮಿಷನ್ನಿನಿಂದ ನೇರವಾಗಿ ಎದ್ದು ಬಂದಿರಬೇಕು. ಒಂದನೆಯ ತರಗತಿಯ ಹುಡುಗಿ, ಬಿಗಿಯಾಗಿ ಹೆಣೆದ ಜಡೆ, ಎದುರಿಗಿದ್ದವರ ಮುಖವನ್ನು ಬಿಟ್ಟೂಬಿಡದೆ ನೋಡುವ ಕಣ್ಣು. ಆ ನೋಟವನ್ನು ಹಿಂದಿನ ಸಲ ಅವಳು ಚುರುಕು ಎಂದು ತಿಳಿದಿದ್ದಳು, ಹಾಗೆಂದು ಹೊಗಳಿಯೂ ಇದ್ದಳು.

‘ಮೇಡಂ, ಬೈಕೋಬೇಡಿ’ ಅಂದಳು ತಾಯಿ. ‘ನೀವು ಎರಡು ಸಲಾನೂ ಕಿವಿ ಚೆನ್ನಾಗಿದೆ ಅಂದ್ರಿ. ಗಮನ ಇಲ್ಲ, ಅಷ್ಟೇ, ಸ್ವಲ್ಪ ಬಿಗಿ ಮಾಡಿ ಅಂದ್ರಿ. ಬಿಗಿ ಮಾಡಿದೆ. ಸ್ಕೂಲಲ್ಲೂ ಹಟಮಾರಿ ಅಂತ ಹಿಂದಿನ ಬೆಂಚಿಗೆ ಹಾಕಿದ್ರು. ಏನು ಮಾಡಿದ್ರೂ ಅಷ್ಟೇ. ಹಿಂದಿನಿಂದ ಕೂಗಿದ್ರೆ ತಿರುಗೋದೇ ಇಲ್ಲ. ಒಂದೊಂದ್ಸಲ ನಂಗೂ ತಲೆ ಕೆಟ್ಟು…’ ಮಾತು ನಿಲ್ಲಿಸಿ ಮಗಳ ಜಡೆಯನ್ನು ಸರಿ ಮಾಡಿದಳು. ಅದು ಸರಿಯಾಗಿಯೇ ಇತ್ತು. ‘ಇನ್ನೊಂದೇ ಒಂದು ಸಲ ನೋಡಿಬಿಡಿ. ಚೆನ್ನಾಗಿದೆ ಅಂದ್ರೆ ಇನ್ಮೇಲೆ ಬರಲ್ಲ.’

‘ನೋಡೋಣ ಬನ್ನಿ’ ಎಂದಳು. ಎರಡು ಪದ ಆಡುವಷ್ಟರಲ್ಲಿ ಎದೆ ಕೆರೆಯಿತು, ನುಂಗಿಕೊಂಡಳು. ಬಿಗಿ ಮಾಡಿ ಎಂದು ತಾನು ಹೇಳಿದ್ದೆನೇ? ಹೇಳಿರಬೇಕು. ಸಾಲು ಉದ್ದವಿದ್ದಾಗ ಬಾಯಿಗೆ ಬರುವ ಮಾತು ಅದು.

ಹುಡುಗಿ ಕುರ್ಚಿ ಹತ್ತಿ ಕೂತು, ಯಾರೂ ಹೇಳುವ ಮೊದಲೇ ಹೆಡ್‌ಫೋನಿಗೆ ತಲೆಯೊಡ್ಡಿದಳು. ಈ ಆಟ ಅವಳಿಗೆ ಇಷ್ಟ, ಏಕೆಂದರೆ ಶಾಲೆಯಲ್ಲಿ ಸೋಲುವವಳು ಇಲ್ಲಿ ಗೆಲ್ಲುತ್ತಾಳೆ. ತಾಯಿ ಮೂಲೆಯ ಸ್ಟೂಲಿನ ಮೇಲೆ ಕೂತಳು. ಗಾಜಿನ ಈಚೆಗೆ ಬಂದು ಅವಳು ಶುರುಮಾಡಿದಳು. ಉಸಿರು ಹಿಡಿ, ಗುಂಡಿ, ರಿಂಗು, ಬಿಡು. ಉಸಿರು ಹಿಡಿ, ಗುಂಡಿ, ರಿಂಗು, ಬಿಡು. ಕೆಂಪು, ಹಳದಿ, ನೀಲಿ. ಎಲ್ಲ ಸರಿಯಾಗಿಯೇ ಇದೆ, ಈ ತಾಯಿಗೆ ಏನೆಂದು ಸಮಾಧಾನ ಹೇಳುವುದು, ಮಧ್ಯಾಹ್ನದ ಹೊತ್ತಿಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಸಲ ಪಂಪು ಎಳೆದುಕೊಂಡರೆ ಸಂಜೆಯ ತನಕ ತಳ್ಳಬಹುದು, ಗಂಡ ಇವತ್ತೂ ಪಡಸಾಲೆಯಲ್ಲೇ ಮಲಗುತ್ತಾನೇನೋ, ಮಲಗಲಿ, ಒಬ್ಬಳೇ ಇದ್ದರೆ ಕೆಮ್ಮಲು ಸಂಕೋಚವಿಲ್ಲ, ಹೀಗೆ ಮನಸ್ಸು ಎತ್ತಲೋ ಹರಿಯುತ್ತಿದ್ದಾಗ ಕೆಳಗಿನಿಂದ ದೊಡ್ಡದೊಂದು ಕೆಮ್ಮು ಎದ್ದು ಬಂತು. ಗುಂಡಿಯ ಮೇಲಿನ ಕೈ ತೆಗೆದು, ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು, ಉಸಿರು ಬಿಗಿಹಿಡಿದಳು. ಗಾಜಿನ ಆಚೆ ಹುಡುಗಿ ಹಸಿರು ರಿಂಗನ್ನು ಎತ್ತಿ ಕಂಬಕ್ಕೆ ಹಾಕಿದಳು.

ಮಕ್ಕಳು ಊಹಿಸಿ ಹಾಕುವುದುಂಟು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಉಸಿರು ಬಿಟ್ಟಳು, ಸುಧಾರಿಸಿಕೊಂಡಳು. ಹುಡುಗಿ ಅವಳನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಸ್ವಲ್ಪ ಕೆಳಗೆ, ಕತ್ತು ಭುಜ ಸೇರುವ ಕಡೆ. ಬೇಡ, ನೋಡುವುದು ಬೇಡ, ಹಾಳೆ ತುಂಬಿಸಿ ಕಳಿಸಿಬಿಡೋಣ ಎಂದು ಮನಸ್ಸು ಹೇಳುತ್ತಿರುವಾಗಲೇ, ಗುಂಡಿ ಮುಟ್ಟದೆ, ಕೆಮ್ಮೂ ಇಲ್ಲದೆ, ಬೇಕೆಂದೇ ಉಸಿರು ಹಿಡಿದಳು. ರಿಂಗು ಬಿತ್ತು. ಬಿಟ್ಟಳು. ಮತ್ತೆ ಹಿಡಿದಳು. ರಿಂಗು ಬಿತ್ತು, ಹುಡುಗಿ ಮುಗುಳ್ನಕ್ಕಳು. ಆಮೇಲೆ ಸಲೀಸಾಗಿ ಉಸಿರಾಡುತ್ತಲೇ ಸಣ್ಣದೊಂದು ಸ್ವರ ಒತ್ತಿದಳು. ಹುಡುಗಿ ಕಾಯುತ್ತಿದ್ದಳು. ಇನ್ನೂ ದೊಡ್ಡದು ಮಾಡಿ ಒತ್ತಿದಳು. ಹುಡುಗಿ ರಿಂಗನ್ನು ಕೈಯಲ್ಲಿ ಹಿಡಿದು, ಅವಳ ಭುಜ ಯಾವಾಗ ಏಳುತ್ತದೋ ಎಂದು ವಿಧೇಯಳಾಗಿ ಕಾಯುತ್ತಿದ್ದಳು.

ಕೈಯನ್ನು ಮರೆಮಾಡಿದ್ದಳು, ಕಣ್ಣನ್ನು ಹಿಡಿತದಲ್ಲಿ ಇಟ್ಟುಕೊಂಡಿದ್ದಳು, ಉಸಿರನ್ನು ಮಾತ್ರ ಅಂಗಡಿಯ ಬಾಗಿಲಿನಲ್ಲಿ ನೇತುಹಾಕಿದಂತೆ ತೋರಿಸಿಕೊಂಡು ಕೂತಿದ್ದಳು. ಮೊದಲ ಸಲ ಇವರು ಬಂದಾಗಲೂ ಕೆಮ್ಮಿತ್ತು. ಎರಡನೆಯ ಸಲವೂ ಇತ್ತು, ಆಗ ನುಂಗುವುದು ಇನ್ನೂ ಚೆನ್ನಾಗಿ ಬಂದಿತ್ತು. ಬೇರೆ ಮಕ್ಕಳು? ಕಳೆದ ನೆಗಡಿಯ ಆ ತುಟಿ ಕಚ್ಚುವ ಹುಡುಗ, ಅಜ್ಜನ ಜೊತೆ ಬಂದಿದ್ದ ಅವಳಿಜವಳಿಗಳು? ಯೋಚನೆ ಅಲ್ಲಿಂದ ಮುಂದಕ್ಕೆ ಹೋಗಲು ಒಪ್ಪಲಿಲ್ಲ, ಸುಸ್ತಾಗಿತ್ತು. ಎದ್ದು ತನ್ನ ಕಡೆಯ ದೀಪ ಆರಿಸಿದಳು. ಈಗ ಹುಡುಗಿಗೆ ಗಾಜಿನಲ್ಲಿ ತನ್ನದೇ ಮುಖ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ. ಮೈಕಿನಲ್ಲಿ, ‘ಈಗ ಬರೀ ಕಿವಿಯಿಂದ ಆಡೋಣ ಪುಟ್ಟಿ’ ಎಂದಳು. ಎರಡು ಸಲ ಹೇಳಬೇಕಾಯಿತು. ಕತ್ತಲಲ್ಲಿ ಕೂತ ಮೇಲೆ ಕೆಮ್ಮನ್ನು ಯಾರಿಗಾಗಿ ನುಂಗಬೇಕು? ಬಾಯಿಗೆ ಬಟ್ಟೆಯೊತ್ತಿ, ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು, ಕೆಮ್ಮಿ ಮುಗಿಸಿ ಗುಂಡಿ ಒತ್ತಿದಳು, ಮತ್ತೆ ಕೆಮ್ಮಿದಳು. ದಪ್ಪ ಸ್ವರಗಳಿಗೆ ರಿಂಗು ಬಿತ್ತು. ಸ್ವರ ಮೇಲೇರುತ್ತ, ಕೀಚಲಾಗುತ್ತ ಹೋದಂತೆ ಹುಡುಗಿಯ ಕೈ ಗಾಳಿಯಲ್ಲಿ ನಿಂತಿತು. ಹಕ್ಕಿಯ ದನಿ, ಬಸ್ಸಿನ ಸೀಟಿ, ಮಾತಿನಲ್ಲಿ ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವ ಸಣ್ಣ ಸದ್ದುಗಳು, ಇವೆಲ್ಲ ಇರುವ ಜಾಗದಲ್ಲಿ ಹುಡುಗಿಗೆ ಏನೂ ಇರಲಿಲ್ಲ. ಹೆಸರು ಹಿಡಿದು ಕರೆದರೆ ಯಾರೋ ಏನೋ ಅಂದಂತೆ ಕೇಳುತ್ತದೆ, ಏನೆಂದು ತಿಳಿಯುವುದಿಲ್ಲ. ಸ್ವರವನ್ನು ಜೋರು ಮಾಡುತ್ತಾ ಹೋದಳು. ಇಷ್ಟು ಜೋರಾದರೆ ತಾನೇ ಹೆಡ್‌ಫೋನು ಕಿತ್ತೆಸೆಯುತ್ತಿದ್ದೆ ಎನ್ನುವಲ್ಲಿ ಒಂದು ರಿಂಗು, ಅನುಮಾನಿಸುತ್ತಾ, ಕಂಬಕ್ಕೆ ಇಳಿಯಿತು. ಹುಡುಗಿ ಗಾಜಿನಲ್ಲಿ ಯಾರನ್ನೋ ಹುಡುಕುತ್ತಿದ್ದಳು. ಅವಳ ಮುಖದಲ್ಲಿ ಈಗ ಶಾಲೆಯಲ್ಲಿ ಇರುವ ಮುಖ ಬಂದಿತ್ತು.

ದೀಪ ಹಾಕಿ ಅವರನ್ನು ಈಚೆಗೆ ಕರೆದಳು. ತಾಯಿ ಹಾಳೆಯ ಮೇಲಿನ ಗೆರೆ ಇಳಿದು ಹೋಗಿರುವುದನ್ನು ನೋಡಿದಳು. ಹಿಂದಿನ ಎರಡು ಸಲ ಗೆರೆ ನೆಟ್ಟಗೆ ಇದ್ದದ್ದು ಅವಳಿಗೆ ನೆನಪಿತ್ತು.

‘ಕಡಿಮೆ ಆಗಿದೆಯಾ ಮೇಡಂ?’

‘ಹ್ಞೂಂ. ಕೀಚಲು ಸದ್ದು ಕೇಳಿಸ್ತಿಲ್ಲ. ಎರಡೂ ಕಿವೀಲಿ. ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ, ಅಲ್ಲಿ ಬೇರೆ ಪರೀಕ್ಷೆ ಮಾಡ್ತಾರೆ, ಇವಳು ಉತ್ತರ ಹೇಳೋದೇ ಬೇಕಾಗಲ್ಲ. ಯಂತ್ರ ಹಾಕಿದ್ರೆ ಚೆನ್ನಾಗಿ ಕೇಳಿಸುತ್ತೆ, ಹೆದರಬೇಡಿ.’

ತಾಯಿ ಹೆದರಲಿಲ್ಲ. ಬೇರೇನೋ ಲೆಕ್ಕ ಹಾಕುತ್ತಿದ್ದಳು. ‘ಇದು ಈಚೆಗೆ ಆಗಿದ್ದಲ್ವಾ? ಹೋದ ಸಲ ಸರಿಯಾಗಿ ಇತ್ತಲ್ಲ. ನಡುವೆ ಒಂದು ಸಲ ಜ್ವರ ಬಂದಿತ್ತು, ಅದರಿಂದ ಇರಬೇಕು ಅಲ್ವಾ ಮೇಡಂ?’ ಅವಳ ಕಣ್ಣು ಬೇಡುತ್ತಿತ್ತು. ‘ಅಂದ್ರೆ, ಅದಕ್ಕೂ ಮುಂಚೆ ಅವಳಿಗೆ ಕೇಳಿಸ್ತಿತ್ತು ತಾನೇ? ನಾನು ಹೊಡೆದಿದ್ದೆಲ್ಲ ಆಗ. ಬರೆ ಬರೋ ಹಾಗೆ ಹೊಡೆದಿದೀನಿ ಮೇಡಂ, ಸುಳ್ಳಿ, ಕೇಳಿಸಿದ್ರೂ ಕೇಳಿಸದ ಹಾಗೆ ಇರ್ತೀಯ ಅಂತ. ಆಗ ಕೇಳಿಸ್ತಿತ್ತು, ಅಲ್ವಾ?’

ಹೌದು ಅಂದರೆ ಮುಗಿಯಿತು. ಜ್ವರದಿಂದ ಕಿವಿ ಹೋಗುವುದು ಉಂಟು, ಯಾರೂ ಪ್ರಶ್ನೆ ಮಾಡುವುದಿಲ್ಲ. ಅವಳ ಕೆಲಸ ಉಳಿಯುತ್ತದೆ, ಹಳೆಯ ಹಾಳೆಗಳು ಹಾಗೇ ಇರುತ್ತವೆ, ಈ ತಾಯಿಯೂ ರಾತ್ರಿ ನಿದ್ದೆ ಮಾಡುತ್ತಾಳೆ. ಸುಳ್ಳೊಂದು ಇಬ್ಬರಿಗೂ ಇಷ್ಟು ಒಳ್ಳೆಯದಾಗಿ, ಇಷ್ಟು ಕೈಗೆಟುಕುವ ಹಾಗೆ ಅವಳ ಜೀವಮಾನದಲ್ಲಿ ಬಂದಿರಲಿಲ್ಲ. ಹುಡುಗಿಗೆ ಮಾತ್ರ ಒಳ್ಳೆಯದಲ್ಲ. ಅವಳು ಆಗ ಸುಳ್ಳಿಯೇ ಆಗಿದ್ದಳು ಎಂದು ಇಬ್ಬರು ದೊಡ್ಡವರು ಸೇರಿ ತೀರ್ಮಾನ ಮಾಡಿದಂತೆ ಆಗುತ್ತದೆ. ಆ ಹೊಡೆತಗಳು ನ್ಯಾಯವಾಗಿಯೇ ಬಿದ್ದವು ಎಂದಾಗುತ್ತದೆ. ದೊಡ್ಡಮ್ಮನ ಸಿಳ್ಳು ನೆನಪಾಯಿತು, ಅದನ್ನು ಅನುಕರಿಸಿದಾಗ ನಕ್ಕವರ ನಡುವೆ ದೊಡ್ಡಮ್ಮನೂ ನಕ್ಕಿದ್ದು ನೆನಪಾಯಿತು. ನಾಲಿಗೆ ತಾನಾಗಿ ಅಂಗುಳಕ್ಕೆ ಹೋಗಿ ಅಂಟಿಕೊಂಡಿತ್ತು. ಬಿಡಿಸಿಕೊಂಡಳು.

‘ಇಲ್ಲ’ ಅಂದಳು. ‘ಆಗಲೂ ಕೇಳಿಸ್ತಿರಲಿಲ್ಲ ಅಂತಾನೇ ಕಾಣುತ್ತೆ. ಪರೀಕ್ಷೆ ತಪ್ಪಿದ್ದು ನನ್ನಿಂದ. ನಂಗೆ ಕೆಮ್ಮಿತ್ತು, ಅದನ್ನ ತಡೆಯೋಕೆ ಗುಂಡಿ ಒತ್ತುವಾಗೆಲ್ಲ ಉಸಿರು ಹಿಡಿತಿದ್ದೆ. ಇವಳು ಅದನ್ನ ನೋಡಿ ರಿಂಗು ಹಾಕ್ತಿದ್ದಳು. ನಂಗೆ ಗೊತ್ತಾಗಲಿಲ್ಲ. ಇವತ್ತು ಗೊತ್ತಾಯ್ತು.’ ಒಂದೇ ಉಸಿರಿಗೆ ಹೇಳಿದ್ದಕ್ಕೆ ಕೆಮ್ಮು ಹಿಂದೆಯೇ ಬಂತು. ತಡೆಯಲಿಲ್ಲ. ಬಗ್ಗಿ, ಮೇಜು ಹಿಡಿದು, ಕಣ್ಣು ಮೂಗೆಲ್ಲ ಒದ್ದೆಯಾಗುವ ತನಕ ಕೆಮ್ಮಿದಳು. ಸಾಲಿನಲ್ಲಿ ಕೂತವರು ಬಾಗಿಲ ಕಡೆ ತಿರುಗಿರಬೇಕು. ಬಗ್ಗಿದ ಬೆನ್ನಿನ ಮೇಲೆ ಒಂದು ಏಟು ಬಿದ್ದರೂ ಸರಿಯೇ ಎಂದುಕೊಂಡಿದ್ದಳು. ಬಿದ್ದದ್ದು ಏಟಲ್ಲ. ಹೊಲಿಗೆಯವಳ ಅಂಗೈ ಮೇಲಿಂದ ಕೆಳಕ್ಕೆ ನೀವುತ್ತಿತ್ತು, ಅಭ್ಯಾಸಬಲದಿಂದ, ಮಗುವಿಗೆ ನೀವುವ ಹಾಗೆ.

‘ಇದಕ್ಕೆ ಔಷಧಿ ಇಲ್ವಾ ಮೇಡಂ?’

‘ಇದೆ.’

‘ಮತ್ತೆ?’

ಬೆನ್ನ ಮೇಲಿನ ಕೈ ಹಾಗೇ ಇತ್ತು. ‘ದಿನಾ ತಗೋಬೇಕು ಅಂದಿದ್ರು’ ಎಂದಳು. ‘ತಗೋತಿರಲಿಲ್ಲ.’

ಕೈ ನಿಂತಿತು. ಒಂದು ಗಳಿಗೆ ಅಲ್ಲೇ ಇದ್ದು, ಆಮೇಲೆ ಹೊರಟುಹೋಯಿತು. ಹೊಲಿಗೆಯವಳು ಕೆಳಗೆ ಕೂತು ಮಗಳನ್ನು ಎಳೆದು ಎದೆಗೆ ಒತ್ತಿಕೊಂಡಳು, ಅವಳ ತೋಳನ್ನು, ಬೆನ್ನನ್ನು, ಏಟು ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲೆಲ್ಲ ಸವರಿದಳು. ಗಂಟಲಿನಿಂದ ಬಂದ ಸದ್ದು ಅಳುವಿನ ಹಾಗಿರಲಿಲ್ಲ. ಹುಡುಗಿಗೆ ಗಾಬರಿಯಾಯಿತು. ದೀಪ ಆರಿದ ಮೇಲೆ ಆಟ ಕೆಟ್ಟಿದ್ದು ಅವಳಿಗೆ ಗೊತ್ತಿತ್ತು. ಅಮ್ಮನ ಭುಜದಲ್ಲಿ ಮುಖ ಹುದುಗಿದ್ದ ಹಾಗೇ, ಯಾರನ್ನೂ ನೋಡದೆ, ‘ಮಿಸ್, ನಾನು ತಪ್ಪು ಹಾಕಿದ್ನಾ?’ ಎಂದು ಕೇಳಿದಳು.

‘ಇಲ್ಲ ಪುಟ್ಟಿ. ನಿಂದೇನೂ ತಪ್ಪಿಲ್ಲ. ತಪ್ಪು ನಂದು.’

ಹುಡುಗಿ ಅಲುಗಲಿಲ್ಲ. ‘ಮಿಸ್, ತಪ್ಪು ಹಾಕಿದ್ನಾ?’ ಎಂದು ಮತ್ತೆ ಕೇಳಿದಳು, ಈ ಸಲ ಇನ್ನೂ ಮೆಲ್ಲಗೆ.

ಅವಳು ಮೇಜು ಸುತ್ತಿಕೊಂಡು ಆ ಕಡೆಗೆ ಹೋದಳು. ತಾಯಿಯ ಭುಜದ ಹಿಂದೆ, ಹುಡುಗಿಯ ಮುಖ ಎದುರಿಗೆ ಬರುವ ಜಾಗದಲ್ಲಿ, ನೆಲಕ್ಕೆ ಮೊಣಕಾಲೂರಿ ಕೂತಳು. ಕೆಮ್ಮು ಬಂದರೆ ಬರಲಿ ಎಂದು ಎದೆ ತುಂಬ ಉಸಿರು ತೆಗೆದುಕೊಂಡು, ಹುಡುಗಿ ತಲೆಯೆತ್ತಿ ತನ್ನ ತುಟಿಯನ್ನು ನೋಡುವ ತನಕ ಕಾದು, ಅದೇ ಮಾತನ್ನು ಇನ್ನೊಂದು ಸಲ ಹೇಳಿದಳು.